ಮಾರ್ಪಡಿಸಿದ ಆಫ್‌ರೋಡ್ ಜೀಪನ್ನು ಮಾರುವ ಕ್ರಮ

ಲಿಫ್ಟ್ ಕಿಟ್ (ಗಾಡಿಯನ್ನು ಎತ್ತರಿಸುವ ಭಾಗಗಳು), ವಿಂಚ್ (ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ಯಂತ್ರ), ರೋಲ್ ಕೇಜ್ (ಗಾಡಿ ಮಗುಚಿದರೆ ಒಳಗಿನವರನ್ನು ಕಾಯುವ ಕಂಬಿಗಳ ಚೌಕಟ್ಟು), ಮಡ್ ಟೈರುಗಳನ್ನು ಹಾಕಿಸಿ ಕಟ್ಟಿಸಿದ ಜೀಪನ್ನು ದಾವಣಗೆರೆಯಲ್ಲಿ ಮಾರಲು ಹೊರಟವರು ಬೆಲೆ ಹೇಳುವ ಮೊದಲು ಆರ್‌ಸಿಯನ್ನು (ವಾಹನದ ನೋಂದಣಿ ಪತ್ರ) ನೋಡಿಕೊಳ್ಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಬೇರೆ ಎಂಜಿನ್ ಕೂರಿಸಿದ್ದರೆ ಆರ್‌ಟಿಒ ಅನುಮತಿಯೂ ಆರ್‌ಸಿಯಲ್ಲಿ ಅದರ ನಮೂದೂ ಇರಬೇಕು. ಅದಿಲ್ಲದಿದ್ದರೆ ಜಾಣ ಗಿರಾಕಿ ಚೌಕಾಸಿಗೆ ಅದನ್ನೇ ಹಿಡಿಯುತ್ತಾನೆ.

ಹಾಕಿದ ಹಣವೆಲ್ಲ ಮರಳುವುದಿಲ್ಲ. ಬಿಚ್ಚಿಟ್ಟ ಮೂಲ ಬಂಪರ್, ಸ್ಪ್ರಿಂಗ್, ಚಕ್ರಗಳು ಉಳಿದಿದ್ದರೆ ಅವನ್ನು ಮತ್ತೆ ಜೋಡಿಸಿ, ವಿಂಚ್ ಮತ್ತು ಟೈರುಗಳನ್ನು ಪ್ರತ್ಯೇಕವಾಗಿ ಮಾರುವುದು ಎಷ್ಟೋ ವೇಳೆ ಲಾಭಕರ, ಕಾನೂನಿನ ದೃಷ್ಟಿಯಿಂದಲೂ ಸಲೀಸು. ಇದ್ದಂತೆಯೇ ಮಾರುವುದಾದರೆ ಚಾಸಿಯ ವೆಲ್ಡಿಂಗ್, ಸ್ಟೀರಿಂಗ್ ಜೋಡಣೆ, ಡಿಫರೆನ್ಷಿಯಲ್‌ಗಳ (ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳು) ಫೋಟೊಗಳನ್ನು ಗಾಡಿಯ ಅಡಿಯಿಂದ ತೆಗೆದು, ಗ್ಯಾರೇಜಿನ ಬಿಲ್ಲುಗಳೊಡನೆ ತೋರಿಸಿ. ಬಲ್ಲವರು ಹೊಸ ಬಣ್ಣಕ್ಕೆ ಮರುಳಾಗುವುದಿಲ್ಲ. ಚಿತ್ರದುರ್ಗದಿಂದ ಬಂದ ಗಿರಾಕಿ ಬಂಡೆ ಹತ್ತಿಸಿ ತೋರಿಸಿ ಎಂದರೆ ಜೋಗಿಮಟ್ಟಿ ಅರಣ್ಯಕ್ಕೆ ನುಗ್ಗಬೇಡಿ, ಪರಿಚಯದವರ ಜಮೀನು ಸಾಕು.

ವ್ಯವಹಾರ ಕುದುರಿದ ಮೇಲೆ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿ, ಸಾಲವಿದ್ದರೆ ಅದನ್ನು ತೀರಿಸಿ ಸಾಲದ ಒಪ್ಪಂದ ಮುಗಿದುದನ್ನು ತಿಳಿಸುವ ನಮೂನೆ 35 ಪಡೆದು, ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು.