ಬಿಲ್ ಬೇಕಾ ಅಂದ್ರೆ ಬೇಕು ಅನ್ನಿ

ಶ್ರೀರಾಂಪುರದ ಮೆಡಿಕಲ್ ಶಾಪೊಂದರಲ್ಲಿ ಹನ್ನೊಂದು ವರ್ಷ ಕೌಂಟರಿನ ಆಚೆ ನಿಂತವನು ನಾನು. ಈಗ ಬಿಪಿ ಮಾತ್ರೆಗೆ, ಮಂಡಿನೋವಿನ ಮಾತ್ರೆಗೆ ಈಚೆ ನಿಲ್ಲುತ್ತೇನೆ. ಎರಡೂ ಕಡೆಯ ಆಟ ಗೊತ್ತು.

ಮೊದಲು ಸ್ಟ್ರಿಪ್ ಓದಿ. ಒಂದೇ ಔಷಧ ಇರುವ ಮಾತ್ರೆಯಾದರೆ, ಅದರ ಅಸಲಿ ಹೆಸರು ಕಂಪನಿ ಇಟ್ಟ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಇರಬೇಕು. ಇದು 2018ರ ನಿಯಮ. ಉದಾಹರಣೆಗೆ, ಟೆಲ್ಮಿಸಾರ್ಟನ್ 40 ಎಂಜಿ. ಈ ಹೆಸರನ್ನು 'ಫಾರ್ಮಾ ಸಹಿ ದಾಮ್' ಆ್ಯಪ್‌ನಲ್ಲಿ ಹಾಕಿ, ದರ ನೋಡಿ. 2022ರ ಅಗತ್ಯ ಔಷಧಗಳ ಪಟ್ಟಿಯಲ್ಲಿ 384 ಔಷಧಗಳಿವೆ. 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಇಂಥವಕ್ಕೆ ಗರಿಷ್ಠ ದರ ಕಟ್ಟುತ್ತಾರೆ. ಉಳಿದವುಗಳ ಎಂಆರ್‌ಪಿಯನ್ನು ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸುವಂತಿಲ್ಲ.

ಬಿಡಿ ಮಾತ್ರೆಯಲ್ಲೇ ಜನ ಹೆಚ್ಚು ಮೋಸ ಹೋಗುವುದು. ಮೊನ್ನೆ ಹದಿನೈದು ಮಾತ್ರೆಯ ಸ್ಟ್ರಿಪ್‌ಗೆ 90 ರೂಪಾಯಿ ಇತ್ತು. ನನಗೆ ಬೇಕಿದ್ದದ್ದು ಐದು. ಹುಡುಗ 40 ಕೇಳಿದ. 'ಕಟ್ ಮಾಡಿದ್ರೆ ಉಳಿದಿದ್ದು ಯಾರು ತಗೋತಾರೆ ಅಂಕಲ್?' ಅಂದ. ಹಿಂದೆ ನಾನೂ ಇದೇ ಮಾತು ಆಡಿದವನೇ. ಆದರೆ ಲೆಕ್ಕ ನೇರ: ಐದಕ್ಕೆ 30, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಳ್ಳುವಂತಿಲ್ಲ. ಆ ಬೆಲೆ ನಿಯಂತ್ರಣ ಆದೇಶದಲ್ಲೇ ಹಾಗಿದೆ. ಇನ್ನೊಂದು, ಕತ್ತರಿಸಿದಾಗ ಎಕ್ಸ್‌ಪೈರಿ ಅಚ್ಚಾದ ತುಂಡು ಅಂಗಡಿಯಲ್ಲೇ ಉಳಿಯುತ್ತದೆ. ಕತ್ತರಿ ಹಾಕುವ ಮೊದಲೇ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ.

ಅದೇ ಔಷಧ ಅಗ್ಗಕ್ಕೆ ಸಿಗುವ ಜನೌಷಧಿ ಕೇಂದ್ರಕ್ಕೆ ಹೋಗುವ ಮೊದಲು ಫೋನ್ ಮಾಡಿ. ಒಂದು ಮಾತ್ರೆ ಇದ್ದರೆ ಇನ್ನೊಂದು ಇರಲ್ಲ, ಸುಮ್ನೆ ಆಟೋ ಕಾಸು ದಂಡ. ಥೈರಾಯ್ಡ್, ಮೂರ್ಛೆರೋಗದ ಮಾತ್ರೆಗಳ ಬ್ರ್ಯಾಂಡ್ ಮಾತ್ರ ಡಾಕ್ಟರನ್ನು ಕೇಳದೆ ಬದಲಿಸಬೇಡಿ.

ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಥವಾ ಕೃತಕ ಮಂಡಿ ಹಾಕಿಸುವುದಾದರೆ ಪ್ಯಾಕೇಜ್ ಮೊತ್ತಕ್ಕೆ ತಲೆಯಾಡಿಸಬೇಡಿ. ಎರಡಕ್ಕೂ 2017ರಲ್ಲಿ ಬೆಲೆ ಮಿತಿ ಬಂತು. ಔಷಧ ಲೇಪಿತ ಸ್ಟೆಂಟ್‌ಗೆ ಆಗ 29,600 ರೂಪಾಯಿ ಇತ್ತು, ಆಮೇಲೆ ಏರಿದೆ. ಬಿಲ್‌ನಲ್ಲಿ ಅದರ ದರ, ಬ್ರ್ಯಾಂಡ್, ಬ್ಯಾಚ್ ನಂಬರ್ ಬೇರೆಯಾಗಿ ಬರೆಸಿ. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಲೇಬೇಕು ಅನ್ನುವುದು ನಮ್ಮ ರಾಜ್ಯದ 2007ರ ಕಾಯ್ದೆ. ಕಾಣದಿದ್ದರೆ ಎಲ್ಲಿದೆ ಅಂತ ಕೇಳಿ. ಔಷಧ ಅಲ್ಲೇ ಕೊಳ್ಳಬೇಕು ಅಂದರೆ? 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ನೀತಿ ರೂಪಿಸುವುದನ್ನು ರಾಜ್ಯಗಳಿಗೇ ಬಿಟ್ಟಿತು. ಹೊರಗೆ ತರುತ್ತೇನೆ ಅಂತ ಹೇಳಲು ಹಿಂಜರಿಯಬೇಡಿ.

ಜಾಸ್ತಿ ತಗೊಂಡರೆ ಕೇಂದ್ರ ಸರ್ಕಾರದ 'ಫಾರ್ಮಾ ಜನ್ ಸಮಾಧಾನ್' ಆನ್‌ಲೈನ್ ವ್ಯವಸ್ಥೆಯಲ್ಲಿ ದೂರು ಕೊಡಿ, ಇಲ್ಲವೇ ನಿಮ್ಮ ಏರಿಯಾದ ಡ್ರಗ್ ಇನ್‌ಸ್ಪೆಕ್ಟರ್‌ಗೆ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಬಿಲ್. 'ಬಿಲ್ ಬೇಕಾ?' ಅಂತ ನಾವು ಯಾಕೆ ಕೇಳುತ್ತಿದ್ದೆವು ಅಂದುಕೊಂಡಿರಿ?