ಬೋರ್ಡಿಂದ ಗೋಡೆವರೆಗೆ: ವರ್ಷಗಟ್ಟಲೆ ಬಾಳೋ ಬಣ್ಣ ಆರಿಸೋದು ಹೇಗೆ?

ಹೊಸ ಬಿಸಿನೆಸ್ ಶುರು ಮಾಡೋರು ಸಾಮಾನ್ಯವಾಗಿ ಈಗ ಯಾವ ಕಲರ್ ಟ್ರೆಂಡಲ್ಲಿದೆ ಅಂತ ಹುಡುಕ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡ್ಬೇಡಿ. ಟ್ರೆಂಡ್ ಕಲರ್ ಇರೋದೇ ಮುಂದಿನ ವರ್ಷ ಬದಲಾಗೋಕೆ. ಯುಪಿಎಸ್ ಕೊರಿಯರ್‌ನೋರು 1916ರಲ್ಲಿ ಕಂದು ಬಣ್ಣ ಹಿಡಿದ್ರು, ಥಳುಕು ಪಳುಕು ಏನೂ ಇಲ್ಲದ ಬಣ್ಣ, ಬಿಡದೆ ಇಟ್ಕೊಂಡಿದ್ದಕ್ಕೇ ಇವತ್ತು ಅದು ಅವರ ಗುರುತು.

ಮೊದ್ಲು ಜಾಗದಲ್ಲಿ ಬದಲಾಯಿಸೋಕಾಗದೇ ಇರೋದನ್ನ ನೋಡಿ, ಅಂದ್ರೆ ನೆಲದ ಟೈಲ್ಸು, ಕಲ್ಲು, ಮರದ ಕೆಲಸ. ಅದಕ್ಕೆ ಹೊಂದೋ ಬಣ್ಣಗಳನ್ನ ಪಟ್ಟಿ ಮಾಡಿ, ಅದರಲ್ಲಿ ನಿಮ್ಮ ಪೈಪೋಟಿಯವರು ಬಳಸ್ತಿರೋದನ್ನ ತೆಗೆದುಹಾಕಿ, ಉಳಿದಿದ್ರಲ್ಲಿ ಒಂದನ್ನ ಮುಖ್ಯ ಬಣ್ಣ ಮಾಡ್ಕೊಳ್ಳಿ.

ಆಮೇಲೆ ಪಾಲು ಹಂಚೋದು. ಡೆಕೋರ್ ಮಾಡೋರು 60-30-10 ಅಂತಾರೆ: ಗೋಡೆ, ಸೀಲಿಂಗ್‌ಗೆ ಶಾಂತವಾದ ಬಣ್ಣ 60 ಭಾಗ, ಫರ್ನಿಚರ್, ಪರದೆಗೆ 30, ಕಣ್ಣಿಗೆ ಹೊಡೆಯೋ ಬಣ್ಣ ಬರೀ 10. ಟ್ರೆಂಡ್ ಮೇಲೆ ಅಷ್ಟು ಆಸೆ ಇದ್ರೆ ಈ 10ರೊಳಗೆ ತೀರಿಸ್ಕೊಳ್ಳಿ, ಕುಶನ್ ಕವರ್ ಬದಲಾಯಿಸೋದು ಸುಲಭ, ಗೋಡೆ ಅಲ್ಲ.

ಟೆಸ್ಟ್ ಮಾಡೋ ಹಂತನ ಮಾತ್ರ ಯಾರೂ ಬಿಡ್ಬಾರ್ದು. ಶೇಡ್ ಕಾರ್ಡ್‌ನ ಸಣ್ಣ ಚೂರು ನೋಡಿ ಡಿಸೈಡ್ ಮಾಡ್ಬೇಡಿ, ಗೋಡೆ ತುಂಬಾ ಬಳಿದಾಗ ಅದೇ ಬಣ್ಣ ಇನ್ನೂ ಗಾಢವಾಗಿ ಕಾಣ್ಸುತ್ತೆ. ದೊಡ್ಡ ಹಲಗೆ ಮೇಲೆ ಎರಡು ಕೋಟ್ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಲೈಟ್ ಹಾಕ್ಕೊಂಡು ನೋಡಿ. 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಲ್ಬು ಹಳದಿ ಬೆಳಕು ಕೊಡುತ್ತೆ, 6500ದ್ದು ನೀಲಿ ಕಡೆಗೆ ಎಳೆಯುತ್ತೆ, ಹಗಲಲ್ಲಿ ಚೆನ್ನಾಗಿದ್ದ ಬೂದು ಬಣ್ಣ ರಾತ್ರಿ ಹಸಿರಾಗಿ ಕಂಡ್ರೆ ಪೇಂಟ್ ಕೆಟ್ಟಿದೆ ಅಂತಲ್ಲ, ಬೆಳಕು ಬದಲಾಗಿದೆ ಅಷ್ಟೇ. ಹಾಗಾಗಿ ಅಲ್ಲಿ ಹಾಕೋ ಬಲ್ಬಲ್ಲೇ ನೋಡ್ಬೇಕು.

ಹೊರಗಿನ ಬೋರ್ಡಿಗೆ ಬಿಸಿಲೇ ಶತ್ರು. ಬ್ರೈಟ್ ಕೆಂಪು, ಹಳದಿ ಸಾಮಾನ್ಯವಾಗಿ ಬೇಗ ಮಾಸುತ್ವೆ, ಕಬ್ಬಿಣದ ಆಕ್ಸೈಡಿಂದ ಮಾಡಿದ ಇಟ್ಟಿಗೆ ಕೆಂಪು, ಕಾವಿ, ಕಂದು ಬಿಸಿಲನ್ನ ಚೆನ್ನಾಗಿ ತಡೀತಾವೆ. ಬ್ರೈಟ್ ಕೆಂಪೇ ಬೇಕು ಅಂದ್ರೆ ಬಿಸಿಲಿನ ಯುವಿ ಕಿರಣ ತಡೆಯೋ ಇಂಕು, ಲ್ಯಾಮಿನೇಷನ್ ಕೇಳಿ ಹಾಕಿಸಿ. ಒಳಗೆ ಜನ ಕೈಯಿಡೋ ಗೋಡೆಗೆ ಒರೆಸಿ ತೊಳೆಯೋಕಾಗೋ ಪೇಂಟೇ ಇರ್ಲಿ.

ಅಕ್ಷರ ಕಾಣ್ಸುತ್ತಾ ಅಂತ ನೋಡೋಕೆ ಬೋರ್ಡಿನ ಡಿಸೈನ್‌ನ ಕಪ್ಪು-ಬಿಳುಪು ಮಾಡಿ ನೋಡಿ, ಅಕ್ಷರ ಹಿನ್ನೆಲೆಯಲ್ಲಿ ಮುಳುಗಿದ್ರೆ ಆ ಜೋಡಿ ಬೇಡ. ವೆಬ್‌ಸೈಟಿನ ಸಣ್ಣ ಅಕ್ಷರಕ್ಕೆ ಕಾಂಟ್ರಾಸ್ಟ್, ಅಂದ್ರೆ ಅಕ್ಷರಕ್ಕೂ ಹಿನ್ನೆಲೆಗೂ ಇರೋ ಬೆಳಕಿನ ವ್ಯತ್ಯಾಸ, ಕನಿಷ್ಠ 4.5ಕ್ಕೆ 1 ಇರ್ಬೇಕು. ಕೆಂಪು-ಹಸಿರು ವ್ಯತ್ಯಾಸ ಗೊತ್ತಾಗದ ಗ್ರಾಹಕರೂ ಬರ್ತಾರೆ, ಅವರನ್ನ ಮರೀಬೇಡಿ.

ಎಲ್ಲಾ ಫೈನಲ್ ಆದ್ಮೇಲೆ ಸ್ಕ್ರೀನಿಗೆ ಹೆಕ್ಸ್ ಕೋಡ್ (ಕಂಪ್ಯೂಟರಲ್ಲಿ ಬಣ್ಣ ಗುರುತಿಸೋ ಕೋಡ್), ಪ್ರಿಂಟಿಗೆ ಸಿಎಂವೈಕೆ (ನಾಲ್ಕು ಇಂಕುಗಳ ಪ್ರಮಾಣ) ಅಥವಾ ಪ್ಯಾಂಟೋನ್ ನಂಬರ್ (ಪ್ಯಾಂಟೋನ್ ಕಂಪನಿಯ ಬಣ್ಣದ ಪಟ್ಟಿಯ ನಂಬರ್), ಗೋಡೆಗೆ ಪೇಂಟಿನ ಶೇಡ್ ಕೋಡ್, ಫಿನಿಶ್ (ಹೊಳಪು ಎಷ್ಟು ಅನ್ನೋದು) ಎಲ್ಲಾ ಒಂದೇ ಹಾಳೆಯಲ್ಲಿ ಬರೆದಿಡಿ. ಪೇಂಟರ್ ಬಂದ್ರೂ, ಪ್ರಿಂಟರ್‌ನೋರು ಕೇಳಿದ್ರೂ ಆ ಹಾಳೆನೇ ಕೊಡಿ, "ನಮ್ಮ ನೀಲಿ" ಅಂತ ಬಾಯಲ್ಲಿ ಹೇಳಿದ್ರೆ ಒಬ್ಬೊಬ್ರು ಒಂದೊಂದು ನೀಲಿ ತರ್ತಾರೆ.