ಯುರೋಪಿನ ಹಳೆಯ ಕೈಸಲಕರಣೆ: ಕೊಳ್ಳುವ ಮೊದಲು ನಾನು ಪರೀಕ್ಷಿಸುವ ಬಗೆ

ಹಳೆಯ ಸಲಕರಣೆ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಕಂಪನಿಯ ಮುದ್ರೆಯ ಮೇಲೆ ಹೋಗುತ್ತದೆ. ನಾನು ಮುದ್ರೆಯನ್ನು ಕೊನೆಗೆ ಓದುತ್ತೇನೆ. ಸಲಕರಣೆ ಕೆಲಸವನ್ನು ಮುಟ್ಟುವ ಜಾಗ ಮೊದಲು: ಸ್ಪ್ಯಾನರ್‌ನ ಬಾಯಿ, ಉಳಿಯ ಅಲಗು, ಪ್ಲೇಯರ್‌ನ ಕೀಲು. ಆ ಒಂದಿಂಚು ಗಟ್ಟಿಯಾಗಿದ್ದರೆ ಮೇಲಿನ ತುಕ್ಕು, ಕೊಳೆ, ಮುರಿದ ಹಿಡಿ ಎಲ್ಲವನ್ನೂ ಸರಿಮಾಡಬಹುದು. ಅದು ಹೋಗಿದ್ದರೆ ಎಂಥ ದೊಡ್ಡ ಹೆಸರಿದ್ದರೂ ಕೈಯಲ್ಲಿರುವುದು ಗುಜರಿ ಕಬ್ಬಿಣ.

ಚೀಲದಲ್ಲಿ ಬೇಕಾಗುವುದು ಹೆಚ್ಚೇನಿಲ್ಲ. 10 ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, 150 ಮಿ.ಮೀ. ವರ್ನಿಯರ್ ಕ್ಯಾಲಿಪರ್, ಅಷ್ಟೇ ಉದ್ದದ ಸ್ಟೀಲ್ ಪಟ್ಟಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು), ನಯ ಹಲ್ಲಿನ ಚಿಕ್ಕ ಅರ, 13 ಮತ್ತು 17 ಮಿ.ಮೀ. ತಲೆಯ ಎರಡು ಹೊಸ ಬೋಲ್ಟು, ಒಂದು ಹಾಳೆ ಕಾಗದ, ಸೀಮೆಎಣ್ಣೆಯ ಪುಟ್ಟ ಶೀಶೆ, ಸೀಮೆಸುಣ್ಣದ ತುಂಡು, ಹಳೆ ಬಟ್ಟೆ. ಅರ ಮಾತ್ರ ಹೊಸದೇ ಆಗಿರಬೇಕು. ಸವೆದ ಅರ ಮೆತ್ತಗಿನ ಉಕ್ಕಿನ ಮೇಲೂ ಜಾರುತ್ತದೆ, ಆಗ ಮೆತ್ತಗಿನದೇ ಗಡಸೆಂದು ಮೋಸಹೋಗುತ್ತೇವೆ.

ಸ್ಪ್ಯಾನರ್‌ನಿಂದ ಶುರುಮಾಡೋಣ, ಏಕೆಂದರೆ ಗುಜರಿಯಲ್ಲಿ ಅತಿ ಹೆಚ್ಚು ಸಿಗುವುದು ಅದೇ. ವರ್ನಿಯರ್‌ನ ಒಳದವಡೆಯಿಂದ ಬಾಯಿಯನ್ನು ಎರಡು ಕಡೆ ಅಳೆಯಿರಿ: ತುದಿಯಲ್ಲಿ ಒಮ್ಮೆ, ಬುಡದಲ್ಲಿ ಒಮ್ಮೆ. 13ರ ಸ್ಪ್ಯಾನರ್ ಹೊಸದಿದ್ದಾಗಲೂ ಸರಿಯಾಗಿ 13 ಇರುವುದಿಲ್ಲ, ಒಂದಿಷ್ಟು ಸಡಿಲ ಬಿಟ್ಟೇ ಮಾಡಿರುತ್ತಾರೆ. 13.25ರವರೆಗೆ ನಾನು ಒಪ್ಪುತ್ತೇನೆ, 13.4 ದಾಟಿದರೆ ಕೆಳಗಿಡುತ್ತೇನೆ. ಬುಡದಲ್ಲಿ 13.1, ತುದಿಯಲ್ಲಿ 13.4 ಬಂದರೆ ಬಾಯಿ ಅಗಲಿದೆ ಎಂದರ್ಥ. ಹಿಡಿಗೆ ಪೈಪು ತೂರಿಸಿ ಎಳೆದವರ ಕೆಲಸ ಅದು. ಸುತ್ತಿಗೆಯಿಂದ ಬಡಿದು ಮತ್ತೆ ಕೂಡಿಸಿದರೆ ಅಳತೆ ಸರಿಹೋದಂತೆ ಕಾಣುತ್ತದೆ, ಆದರೆ ಗಡಸು ಉಕ್ಕು ಎರಡನೆಯ ಸಲ ಬಾಗುವಾಗ ಬಾಯಿಯ ಮೂಲೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ರಿಂಗ್ ಸ್ಪ್ಯಾನರ್ ಆದರೆ ಒಳಗಿನ 12 ಮೂಲೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಮೂಲೆಯ ಪಕ್ಕಕ್ಕೆ ಹೊಳೆಯುವ ಚಪ್ಪಟೆ ಪಟ್ಟಿ ಬಿದ್ದಿದ್ದರೆ ಅದು ಬೋಲ್ಟಿನ ತಲೆಯನ್ನು ಮೊದಲು ಉರುಟು ಮಾಡುತ್ತದೆ, ಆಮೇಲೆ ಜಾರುತ್ತದೆ.

ಬಿರುಕು ಬರಿಗಣ್ಣಿಗೆ ಕಾಣದು. ಬಾಯಿಯ ಮೂಲೆಯನ್ನು ಒರೆಸಿ ಸೀಮೆಎಣ್ಣೆ ಹಚ್ಚಿ 10–15 ನಿಮಿಷ ಬಿಡಿ. ಒಣಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೇಲಕ್ಕೆ ಜಿನುಗಿ ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು, ಕಾಯುವ ಹೊತ್ತು ಎರಡರಷ್ಟು. ಬಿರುಕು ಬಿಟ್ಟದ್ದನ್ನು, ವೆಲ್ಡಿಂಗ್ ಬಿದ್ದದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಪೂರ್ತಿ ಬಲ ಹಾಕಿದಾಗ ಮುರಿದರೆ ಗೋಡೆಗೆ ಬಡಿಯುವುದು ನಿಮ್ಮ ಬೆರಳಗೆಣ್ಣು. ಗ್ರೈಂಡರ್‌ನಿಂದ ತಲೆಯನ್ನು ತೆಳುವು ಮಾಡಿರುವುದೂ ಬಹಳ ಕಾಣಸಿಗುತ್ತದೆ. ಇಕ್ಕಟ್ಟಿನ ಜಾಗಕ್ಕೆ ಯಾರೋ ತಮ್ಮ ಅನುಕೂಲಕ್ಕೆ ಹಾಗೆ ಮಾಡಿಕೊಂಡಿರುತ್ತಾರೆ. ಹಗುರ ಕೆಲಸಕ್ಕೆ ಅದು ತೊಂದರೆಯಿಲ್ಲ, ಸೆಟ್ಟಿಗೆ ಸೇರಿಸಲು ಬೇಡ.

ಅಳತೆಯ ಗೊಂದಲ ಎರಡಿವೆ. ಹಳೆಯ ಜರ್ಮನ್ ಪದ್ಧತಿಯಲ್ಲಿ 10 ಮಿ.ಮೀ. ಬೋಲ್ಟಿಗೆ 17ರ ತಲೆ, 12ಕ್ಕೆ 19. ಈಗಿನ ಅಂತರರಾಷ್ಟ್ರೀಯ ಐಎಸ್‌ಒ ಪದ್ಧತಿಯಲ್ಲಿ ಅವೇ 16 ಮತ್ತು 18. ಹಳೆಯ ಸೆಟ್ಟಿನಲ್ಲಿ 16, 18 ಇಲ್ಲದಿದ್ದರೆ ಯಾವುದೋ ಕಳೆದುಹೋಗಿದೆ ಎಂದು ತಿಳಿಯಬೇಕಿಲ್ಲ. ಎರಡನೆಯದು ಬ್ರಿಟಿಷ್ ಸ್ಪ್ಯಾನರ್. ಜೋಸೆಫ್ ವಿಟ್ವರ್ತ್ 1841ರಲ್ಲಿ ಮುಂದಿಟ್ಟ ಮರೆಯ (ಬೋಲ್ಟಿನ ಸುರುಳಿ ಗೆರೆಯ) ಪದ್ಧತಿಯಲ್ಲಿ ಸ್ಪ್ಯಾನರ್ ಮೇಲಿನ ಸಂಖ್ಯೆ ಬಾಯಿಯ ಅಳತೆಯಲ್ಲ, ಬೋಲ್ಟಿನ ದಪ್ಪ. ‘1/4 ಡಬ್ಲ್ಯು’ ಎಂದಿರುವುದರ ಬಾಯಿ 0.525 ಇಂಚು, ಅಂದರೆ 13.3 ಮಿ.ಮೀ. ಅದನ್ನೇ ಬಿಎಸ್‌ಎಫ್ (ಬ್ರಿಟಿಷರ ನಯ ಮರೆ) ಲೆಕ್ಕದಲ್ಲಿ 5/16 ಎನ್ನುತ್ತಾರೆ, ಹಾಗಾಗಿ ಒಂದೇ ಬಾಯಿಯ ಮೇಲೆ ಎರಡು ಸಂಖ್ಯೆ ಕೆತ್ತಿರುವುದುಂಟು. ‘5/16 ಡಬ್ಲ್ಯು’ 0.600 ಇಂಚು, ‘3/8 ಡಬ್ಲ್ಯು’ 0.710, ‘7/16 ಡಬ್ಲ್ಯು’ 0.820, ‘1/2 ಡಬ್ಲ್ಯು’ 0.920. ಇವಕ್ಕೆ ನಮ್ಮಲ್ಲಿ ಇಂದಿಗೂ ಕೆಲಸವಿದೆ: ಇಂಗ್ಲೆಂಡಿನ ರೆಡಿಚ್‌ನಲ್ಲಿ ಹುಟ್ಟಿ 1955ರಿಂದ ಮದರಾಸಿನಲ್ಲಿ ತಯಾರಾದ ಹಳೆಯ ಬುಲೆಟ್ ಬೈಕಿನ ಬೋಲ್ಟುಗಳು ಹೆಚ್ಚಾಗಿ ಈ ಅಳತೆಯವು. ಅವುಗಳಲ್ಲಿ ‘1/4 ಡಬ್ಲ್ಯು’ ತಲೆಗೆ 13ರ ಸ್ಪ್ಯಾನರ್ ಹೋಗುವುದಿಲ್ಲ, 14 ಹಾಕಿದರೆ ತಲೆ ಸವೆಯುತ್ತದೆ. ಅಳತೆ ತಿಳಿಯದ ವ್ಯಾಪಾರಿ ವಿಟ್ವರ್ತ್ ಸ್ಪ್ಯಾನರನ್ನು ‘ಹಾಳಾದ 13’ ಎಂದು ಕಡಿಮೆಗೆ ಕೊಡುವುದೂ ಇದೆ.

ಇನ್ನು ಉಳಿ. ಇಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುತ್ತೇನೆ, ಏಕೆಂದರೆ ಒಳ್ಳೆಯ ಉಳಿಗೂ ಕೆಟ್ಟದ್ದಕ್ಕೂ ಹೊರನೋಟದಲ್ಲಿ ವ್ಯತ್ಯಾಸವೇ ಇರುವುದಿಲ್ಲ.

ಉಳಿಯ ಅಲಗು ಎಂದರೆ ಎರಡು ಮುಖಗಳು ಕೂಡುವ ಗೆರೆ: ಮುಂದಿನ ಇಳಿಜಾರು ಮತ್ತು ಹಿಂಬದಿಯ ಚಪ್ಪಟೆ. ಇಳಿಜಾರನ್ನು ಸಾಣೆಕಲ್ಲಿನಲ್ಲಿ ದಿನವೂ ಹೊಸದು ಮಾಡಬಹುದು, ಹಿಂಬದಿಯನ್ನು ಆಗದು. ತುದಿಯಿಂದ ಮೊದಲ 25 ಮಿ.ಮೀ. ಹಿಂಬದಿಯಲ್ಲಿ ತುಕ್ಕು ತಿಂದ ಗುಳಿಗಳಿದ್ದರೆ ಪ್ರತಿಯೊಂದು ಗುಳಿಯೂ ಮುಂದೊಂದು ದಿನ ಅಲಗಿನಲ್ಲಿ ಒಂದು ಹಲ್ಲಾಗುತ್ತದೆ, ಕೊರೆದ ಮರದ ಮೇಲೆ ಗೆರೆ ಬೀಳುತ್ತದೆ. ಕೆಂಪು ತುಕ್ಕು ಮೇಲುಮೇಲಿನದು, ಅದಕ್ಕೆ ಹೆದರಬೇಡಿ. ಕಪ್ಪಗೆ, ಉಗುರಿಗೆ ತಡೆಯುವ ಗುಳಿ ಆಳದ್ದು. 0.1 ಮಿ.ಮೀ. ಆಳದ ಗುಳಿ ಹೋಗಬೇಕಾದರೆ ಇಡೀ ಹಿಂಬದಿಯಿಂದ ಅಷ್ಟು ಉಕ್ಕನ್ನು ಉಜ್ಜಿ ತೆಗೆಯಬೇಕು, ಅಗಲ ಉಳಿಗೆ ಅದು ಗಂಟೆಗಟ್ಟಲೆ ಕೆಲಸ. ಗುಳಿಗಳು ಮೇಲೆ, ಹಿಡಿಯ ಹತ್ತಿರವಿದ್ದರೆ ಲೆಕ್ಕಕ್ಕಿಲ್ಲ.

ಗುಳಿಗಿಂತ ಕೆಟ್ಟದ್ದು ಹೊಳಪು. ಮಾರಾಟಕ್ಕೆಂದು ಬಫಿಂಗ್ ಚಕ್ರಕ್ಕೆ ಹಿಡಿದ ಉಳಿಯ ಹಿಂಬದಿ ತುದಿಯ ಬಳಿ ಕೆಳಕ್ಕೆ ಬಾಗಿ ಗುಂಡಗಾಗಿರುತ್ತದೆ. ಸ್ಟೀಲ್ ಪಟ್ಟಿಯ ಅಂಚನ್ನು ಹಿಂಬದಿಗೆ ನೆಟ್ಟಗಿಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ, ಅಂದರೆ ಹಿಂಬದಿ ಒಳಕ್ಕೆ ತಗ್ಗಿದ್ದರೆ ಚಿಂತೆಯಿಲ್ಲ, ಅದು ಬೇಗ ಚಪ್ಪಟೆಯಾಗುತ್ತದೆ. ಎರಡು ತುದಿಗಳಲ್ಲಿ ಬೆಳಕು ಬಂದರೆ ಹೊಟ್ಟೆ ಉಬ್ಬಿದೆ. ಕಲ್ಲಿನ ಮೇಲೆ ತೊಟ್ಟಿಲಿನಂತೆ ತೂಗುತ್ತದೆ, ಉಜ್ಜಿದಷ್ಟೂ ಉಬ್ಬು ಹಾಗೇ ಉಳಿಯುತ್ತದೆ. ನನ್ನ ಮಟ್ಟಿಗೆ ಕೊಳೆ ಹಿಡಿದ, ಯಾರೂ ಉಜ್ಜದ ಉಳಿಗೇ ಹೆಚ್ಚು ಬೆಲೆ.

ಮೂರನೆಯದು ಹದ, ಅಂದರೆ ಉಕ್ಕಿಗೆ ಕೊಟ್ಟ ಗಡಸುತನ. ಗ್ರೈಂಡರ್‌ನಲ್ಲಿ ಆತುರದಿಂದ ಉಜ್ಜಿದಾಗ ಇಂಗಾಲದ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ತಿಳಿ ಹುಲ್ಲಿನ ಬಣ್ಣ, 300ರ ಹೊತ್ತಿಗೆ ನೀಲಿ ಆಗುತ್ತದೆ. ನೀಲಿ ಬಂದಲ್ಲಿ ಹದ ಇಳಿದಿದೆ, ಅಲಗು ನಿಲ್ಲದು. ಬಣ್ಣವನ್ನು ಎಮರಿ ಕಾಗದದಿಂದ ಒರೆಸಿ ಅಡಗಿಸಬಹುದು, ಇಳಿದ ಹದವನ್ನು ಅಡಗಿಸಲಾಗದು. ಅರದ ತುದಿಯನ್ನು ಅಲಗಿನ ಬದಿಗೆ ಹಗುರವಾಗಿ ಎಳೆಯಿರಿ. ಸರಿಯಾದ ಹದದ ಮೇಲೆ ಅರ ಜಾರುತ್ತಾ ಅಲ್ಲಲ್ಲಿ ಸ್ವಲ್ಪ ಮಾತ್ರ ಹಿಡಿಯುತ್ತದೆ. ಬೆಣ್ಣೆಗೆ ಹಾಕಿದಂತೆ ಕಚ್ಚಿದರೆ ಮೆತ್ತಗಾಗಿದೆ. ತುದಿಯಿಂದ ಹಿಡಿಯ ಕಡೆಗೆ 5 ಮಿ.ಮೀ.ಗೊಂದು ಸಲ ಹೀಗೆ ನೋಡುತ್ತಾ ಹೋಗಿ. ತುದಿಯ 4–5 ಮಿ.ಮೀ. ಮಾತ್ರ ಮೆತ್ತಗಿದ್ದು ಮುಂದೆ ಗಡಸಿದ್ದರೆ ಅಷ್ಟನ್ನು ನೀರಿನಲ್ಲಿ ಅದ್ದುತ್ತಾ ನಿಧಾನವಾಗಿ ಉಜ್ಜಿ ತೆಗೆದರೆ ಉಳಿ ಬದುಕುತ್ತದೆ. ಬಹಳ ಸವೆದು ಗಿಡ್ಡವಾದ ಉಳಿಯಲ್ಲಿ ಇನ್ನೊಂದು ಅಪಾಯವಿದೆ: ಹಳೆಯ ಉಳಿಗಳನ್ನು ಪೂರ್ತಿ ಉದ್ದಕ್ಕೂ ಗಡಸು ಮಾಡುತ್ತಿರಲಿಲ್ಲ, ಹಿಡಿಯ ಕಡೆ ಬೇಕೆಂದೇ ಮೆತ್ತಗೆ ಬಿಡುತ್ತಿದ್ದರು. ಗಡಸು ಭಾಗವೆಲ್ಲ ಸವೆದು ಮುಗಿದ ಉಳಿ ನೋಡಲು ಇನ್ನೂ ಎರಡು ಇಂಚು ಇರುತ್ತದೆ, ಕೆಲಸಕ್ಕೆ ಬಾರದು.

ಮನೆಗೆ ತಂದ ಮೇಲೆ 25 ಡಿಗ್ರಿಗೆ ಉಜ್ಜಿ, ತುದಿಗೆ 30 ಡಿಗ್ರಿಯ ಸಣ್ಣ ಅಂಚು ಕೊಟ್ಟು, ತೇಗದ ತುಂಡಿನ ಕಡಿದ ತುದಿಯಲ್ಲಿ ಇಪ್ಪತ್ತು ಸಲ ಹೆರೆದು ಭೂತಗನ್ನಡಿಯಲ್ಲಿ ಅಲಗು ನೋಡುತ್ತೇನೆ. ಮಡಿಚಿಕೊಂಡಿದ್ದರೆ ಮೆತ್ತಗೆ, ಚೂರು ಉದುರಿದ್ದರೆ ಅತಿ ಗಡಸು. ಮೊದಲ ಸಾಣೆಗೇ ತೀರ್ಪು ಕೊಡಬೇಡಿ. ಹೊರಪದರದ ಉಕ್ಕು ಕುಲುಮೆಯಲ್ಲಿ ಇಂಗಾಲ ಕಳೆದುಕೊಂಡಿರಬಹುದು, 2–3 ಮಿ.ಮೀ. ಸವೆದ ಮೇಲೆ ಅದೇ ಉಳಿ ಬೇರೆಯೇ ಆಗಿ ನಿಲ್ಲುತ್ತದೆ. ಹಿಡಿ ಬದಲಿಸುವುದು ಸುಲಭ: ಹಿಡಿಯೊಳಗೆ ಇಳಿಯುವ ಮೊನೆಗಂಬಿಯ ಇಳಿಜಾರಿಗೆ ತಕ್ಕಂತೆ ಮೂರು ಅಳತೆಯ ಡ್ರಿಲ್‌ನಿಂದ ಮೆಟ್ಟಿಲು ಮೆಟ್ಟಿಲಾಗಿ ತೂತು ಕೊರೆದು, ಕೈಯಿಂದ ಒತ್ತಿದಾಗ 4–5 ಮಿ.ಮೀ. ಹೊರಗುಳಿಯುವಂತೆ ಮಾಡಿಕೊಂಡು, ಉಳಿದದ್ದನ್ನು ಮರದ ಕೊಡತಿಯಿಂದ ಬಡಿದು ಕೂರಿಸಬೇಕು. ಕೆತ್ತನೆಯ ಬಾಗುಳಿ ಕೊಳ್ಳುವವರು ಮೇಲಿನ ಸಂಖ್ಯೆಯನ್ನು ನಂಬಬಾರದು. ಇಂಗ್ಲೆಂಡಿನ ಶೆಫೀಲ್ಡ್ ತಯಾರಕರ ಅಳತೆಪಟ್ಟಿಗೂ ಸ್ವಿಸ್ ತಯಾರಕರ ಅಳತೆಪಟ್ಟಿಗೂ ಸಂಖ್ಯೆ ಒಂದೇ ಇದ್ದರೂ ಬಾಗು ಒಂದೇ ಇರುವುದಿಲ್ಲ. ಕಾಗದದ ಮೇಲೆ ಅಲಗು ಒತ್ತಿ ಗುರುತು ಹೋಲಿಸಿ.

ಪ್ಲೇಯರ್‌ಗೆ ಮೂರೇ ನೋಟ. ಬಾಯಿ ಮುಚ್ಚಿ ಬೆಳಕಿಗೆ ಹಿಡಿದಾಗ ಮೊನೆಗಳು ಕೂಡಬೇಕು, ಕತ್ತರಿಸುವ ಅಂಚಿನಲ್ಲಿ ಬೆಳಕಿನ ಗೆರೆ ಕಾಣಬಾರದು. ಕಾಗದವನ್ನು ಅಂಚಿನ ಇಡೀ ಉದ್ದಕ್ಕೂ ಇಟ್ಟು ಒತ್ತಿದರೆ ಒಂದೇ ಸಲಕ್ಕೆ ತುಂಡಾಗಬೇಕು. ಒಂದು ಕಡೆ ಮಡಿಚಿಕೊಂಡು ಉಳಿದರೆ ಅಲ್ಲಿ ಗಟ್ಟಿ ತಂತಿ ಕತ್ತರಿಸಿ ಅಂಚು ಕುಳಿ ಬಿದ್ದಿದೆ. ಆಮೇಲೆ ಎರಡು ಹಿಡಿಗಳನ್ನು ಪಕ್ಕಕ್ಕೆ, ಮೇಲೆ ಕೆಳಗೆ ಅಲುಗಿಸಿ. ಕೀಲು ಒಣಗಿ ಬಿಗಿಯಾಗಿದ್ದರೆ ಎಣ್ಣೆ ಹಾಕಿ ನೂರು ಸಲ ಬಿಚ್ಚಿ ಮುಚ್ಚಿದರೆ ಸರಿಹೋಗುತ್ತದೆ, ಅಲುಗಾಡುತ್ತಿದ್ದರೆ ರಿವೆಟ್ ಸವೆದಿದೆ. ರಿವೆಟ್ ತಲೆಯನ್ನು ಬಡಿದು ಬಿಗಿ ಮಾಡಿದ್ದು ತಿಂಗಳಲ್ಲಿ ಮತ್ತೆ ಸಡಿಲವಾಗುತ್ತದೆ. 1882ರಿಂದ ವುಪ್ಪರ್‌ಟಾಲ್‌ನಲ್ಲಿ ಪ್ಲೇಯರ್ ಮಾಡುತ್ತಿರುವ ಕ್ನಿಪೆಕ್ಸ್‌ನದಾದರೂ ಇದೇ ಮಾತು. ಹಿಡಿಯ ಮೇಲೆ 1000 ವೋಲ್ಟ್ ಎಂದು ಬರೆದಿದ್ದರೂ ಸೆಕೆಂಡ್ ಹ್ಯಾಂಡ್ ಪ್ಲೇಯರನ್ನು ಕರೆಂಟ್ ಹರಿಯುವ ತಂತಿಗೆ ತಾಗಿಸಲೇಬೇಡಿ. ಹಳೆ ಪ್ಲಾಸ್ಟಿಕ್‌ನ ಒಳಬಿರುಕು ಕಣ್ಣಿಗೆ ಕಾಣುವುದಿಲ್ಲ.

ಸ್ಕ್ರೂ ಡ್ರೈವರ್‌ನಲ್ಲಿ ತುದಿಯ ಮೂಲೆಗಳು ಚೂಪಾಗಿರಬೇಕು, ತುದಿಯ ಎರಡು ಮುಖ ಸಮಾನಾಂತರವಾಗಿರಬೇಕು. ಯುರೋಪಿನ ಹಳೆ ಪೆಟ್ಟಿಗೆಯಲ್ಲಿ ಪ್ಲಸ್ ತುದಿ ಎರಡು ಬಗೆ: ಫಿಲಿಪ್ಸ್ ಮತ್ತು ಪೋಝಿಡ್ರೈವ್. ಪೋಝಿಡ್ರೈವ್‌ನ ನಾಲ್ಕು ರೆಕ್ಕೆಗಳ ನಡುವೆ ಇನ್ನೂ ನಾಲ್ಕು ಸಣ್ಣ ಏಣುಗಳಿರುತ್ತವೆ. ಒಂದನ್ನು ಇನ್ನೊಂದರಲ್ಲಿ ಹಾಕಿದರೆ ಜಾರಿ ಸ್ಕ್ರೂವಿನ ತಲೆ ಕೆಡುತ್ತದೆ, ಜನ ಸ್ಕ್ರೂ ಡ್ರೈವರನ್ನು ಬೈಯುತ್ತಾರೆ.

ಉಜ್ಜುಗೊರಡಿನಲ್ಲಿ ಶೆಫೀಲ್ಡ್‌ನ ರೆಕಾರ್ಡ್ ಒಳ್ಳೆಯ ಆಯ್ಕೆ. 1931ರಿಂದ ಬಂದವು, ಅಮೆರಿಕದ ಸ್ಟಾನ್ಲಿ ಕಂಪನಿಯ ಅಳತೆಯದೇ ಸಂಖ್ಯೆಗೆ ಮುಂದೆ ಸೊನ್ನೆ ಸೇರಿಸಿದ್ದರು (04, 05). ಅಲಗು ತೆಗೆದು, ಬಾಯಿಯ ಎರಡೂ ಮೂಲೆಯಲ್ಲಿ ಮತ್ತು ಪಕ್ಕದ ಗೋಡೆಯಲ್ಲಿ ಬಿರುಕು ಹುಡುಕಿ. ಇದು ಬೀಡುಕಬ್ಬಿಣ, ಕೈಜಾರಿ ನೆಲಕ್ಕೆ ಬಿದ್ದರೆ ಅಲ್ಲೇ ಸೀಳುವುದು. ಹಿತ್ತಾಳೆ ಬಣ್ಣದ ಗೆರೆ ಕಂಡರೆ ಬೆಸುಗೆ ಹಾಕಿದ್ದಾರೆ. ತಳಕ್ಕೆ ಅದರಷ್ಟೇ ಉದ್ದದ ಬೇರೊಂದು ಪಟ್ಟಿಯಿಟ್ಟು ಫೀಲರ್ ತೂರಿಸಿ: ಮುಂದಿನ ತುದಿ, ಬಾಯಿಯ ಮುಂದಿನ ಅಂಚು, ಹಿಂದಿನ ತುದಿ ಈ ಮೂರೂ 0.05 ಮಿ.ಮೀ. ಒಳಗೆ ಒಂದೇ ಮಟ್ಟದಲ್ಲಿದ್ದರೆ ಸಾಕು. ಸ್ಕ್ರೂ ಒಂದೂ ಕಳೆದಿರಬಾರದು. ಸ್ಟಾನ್ಲಿಯ ಹಿಡಿಯ ಬೋಲ್ಟು 12-20 ಎಂಬ ಮರೆಯದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದು.

ಇಷ್ಟೆಲ್ಲ ಆದ ಮೇಲೆ ಮುದ್ರೆ. ‘ಕಾಸ್ಟ್ ಸ್ಟೀಲ್’ ಎಂದರೆ ಬೀಡುಕಬ್ಬಿಣವಲ್ಲ. ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಶೆಫೀಲ್ಡ್‌ನಲ್ಲಿ ರೂಪಿಸಿದ ಮೂಸೆಯ ಉಕ್ಕು. ಜರ್ಮನ್ ಸಲಕರಣೆಯಲ್ಲಿ ಇದೇ ‘ಗುಸ್‌ಶ್ಟಾಲ್’, ಫ್ರೆಂಚ್‌ನಲ್ಲಿ ‘ಅಸಿಯೆ ಫೋಂದ್ಯು’. ಡಿಆರ್‌ಜಿಎಮ್ ಎಂದಿದ್ದರೆ ಎರಡನೆಯ ಮಹಾಯುದ್ಧ ಮುಗಿಯುವ ಮುಂಚಿನ ಜರ್ಮನ್ ವಿನ್ಯಾಸದ ನೋಂದಣಿ, ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949 ಮತ್ತು 1990ರ ನಡುವಿನದು. ಬಾಣದ ಗುರುತಿನ ಪಕ್ಕ ವರ್ಷ ಇದ್ದರೆ ಬ್ರಿಟಿಷ್ ಸೇನೆಗೆ ಹೋದದ್ದು. ಗೆಡೋರ್ ಎಂಬ ಹೆಸರು 1919ರಲ್ಲಿ ರೆಮ್‌ಶೈಡ್‌ನ ಡೊವಿಡಾಟ್ ಸಹೋದರರಿಂದ ಬಂತು. ಆದರೆ ಅದೇ ಹೆಸರಿನಲ್ಲಿ ನಮ್ಮ ದೇಶದಲ್ಲೂ ತಯಾರಾಗಿದೆ, ಹೆಸರಿನ ಕೆಳಗೆ ‘ಇಂಡಿಯಾ’ ಇದೆಯೇ ಎಂದು ಓದಿ ಬೆಲೆ ಮಾತಾಡಿ. ಅದೂ ಗಟ್ಟಿ ಸರಕೇ, ಜರ್ಮನ್ ಬೆಲೆ ಕೊಡಬೇಕಿಲ್ಲ. ಗರಗಸದ ಹಿಡಿಯ ಬಿಲ್ಲೆಯಲ್ಲಿ ‘ವಾರಂಟೆಡ್ ಸುಪೀರಿಯರ್’ ಎಂದಷ್ಟೇ ಇದ್ದರೆ ಅದು ತಯಾರಕರ ಹೆಸರಲ್ಲ, ಬಹಳ ಜನ ಬಳಸಿದ ಸಾಮಾನ್ಯ ಬಿಲ್ಲೆ.

ತುಕ್ಕಿಗೆ ಮೊದಲು ಸೀಮೆಎಣ್ಣೆ ಮತ್ತು ಹಿತ್ತಾಳೆ ಬ್ರಷ್. ಬಗ್ಗದಿದ್ದರೆ ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ, ಜಿಡ್ಡು ತೊಳೆದ ಸಲಕರಣೆಯನ್ನು 4 ಗಂಟೆ ಮುಳುಗಿಸಿಡಿ. ಗಂಟೆಗೊಮ್ಮೆ ತೆಗೆದು ನೋಡಿ. ರಾತ್ರಿಯಿಡೀ ಮರೆತರೆ ಆಮ್ಲ ಒಳ್ಳೆಯ ಉಕ್ಕನ್ನೂ ತಿಂದು ಬೂದು ಮಾಡುತ್ತದೆ. ಹೊರತೆಗೆದ ಕೂಡಲೇ ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿ, ಬಿಸಿಲಲ್ಲಿ ಒಣಗಿಸಿ, ಎಣ್ಣೆ ಹಚ್ಚಬೇಕು. ಸ್ಪ್ರಿಂಗ್‌ಗಳನ್ನು ಈ ನೀರಿಗೆ ಹಾಕಬೇಡಿ, ಮುರಿಯುತ್ತವೆ. ಕ್ರೋಮ್ ಸಿಪ್ಪೆ ಏಳುತ್ತಿರುವ ಸ್ಪ್ಯಾನರನ್ನೂ ಹಾಕಬೇಡಿ, ಆಮ್ಲ ಸಿಪ್ಪೆಯ ಅಡಿಗೆ ಇಳಿದು ಅಲ್ಲೇ ಉಳಿಯುತ್ತದೆ.

ಇಡುವಾಗ ಚರ್ಮದ ಚೀಲದಲ್ಲಿ ಉಳಿ ಬೇಡ, ಚರ್ಮ ಹದಮಾಡಿದ ಉಪ್ಪು ತೇವ ಎಳೆಯುತ್ತದೆ. ಓಕ್ ಮರದ ಪೆಟ್ಟಿಗೆಯೂ ಬೇಡ, ಅದರಿಂದ ಹೊಮ್ಮುವ ಆಮ್ಲದ ಆವಿಗೇ ಉಕ್ಕು ಮಂಕಾಗುತ್ತದೆ. ಹುಳಿವಾಸನೆ ಬರುವ ಹಳೆ ಪಾರದರ್ಶಕ ಹಿಡಿಯ ಸ್ಕ್ರೂ ಡ್ರೈವರ್‌ಗಳು ಮುಚ್ಚಿದ ಡಬ್ಬದಲ್ಲಿ ಪಕ್ಕದ ಸಲಕರಣೆಗೂ ತುಕ್ಕು ಹತ್ತಿಸುತ್ತವೆ. ಅವನ್ನು ತೆರೆದ ಹಲಗೆಯ ಮೇಲೆ ಬೇರೆಯಾಗಿ ತೂಗುಹಾಕಿ.